ಹತ್ತನೆಯ ವರ: ಯುವ ಬರಹಗಾರನಿಗೊಂದು ಪತ್ರ

ಪ್ರಿಯ ತಮ್ಮ,

ಕರ್ತನ ನಾಮದಲ್ಲಿ ವಂದನೆಗಳು. ಆತ್ಮಿಕ ವರಗಳನ್ನು ಕುರಿತ ನಿನ್ನ ಲೇಖನವನ್ನು ಎರಡು ಸಲ ಓದಿದೆ. ಭಾಷೆಯಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇಲ್ಲ. ಆದರೆ ಮೂರನೆಯ ಪುಟದಲ್ಲಿ, ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದ ಒಂಬತ್ತು ವರಗಳನ್ನು ಎಣಿಸಿ, ಹತ್ತನೆಯದಾಗಿ ಬರವಣಿಗೆಯನ್ನು ಸೇರಿಸಿ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ಆ ಚಿಹ್ನೆಯನ್ನು ಹೊಡೆದುಹಾಕಿದ್ದೀಯ. ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

‘ಹುಟ್ಟಿನಿಂದ ಬಂದದ್ದು ತಲಾಂತು, ಹೊಸ ಹುಟ್ಟಿನಿಂದ ಬಂದದ್ದು ವರ’ ಎಂದು ಬರೆದಿದ್ದೀಯ. ಹೊಸ ಹುಟ್ಟು ಎಂದು ನೀನು ಹೇಳುವುದು ಕ್ರಿಸ್ತನನ್ನು ನಂಬಿದಾಗ ಆಗುವ ಆತ್ಮಿಕ ಹುಟ್ಟನ್ನು. ಓದುವುದಕ್ಕೆ ಚೆನ್ನಾಗಿದೆ, ಆದರೆ ವಚನದ ಮುಂದೆ ನಿಲ್ಲುವುದಿಲ್ಲ. ಸಭೆಗಳಲ್ಲಿ ನಾವೆಲ್ಲರೂ ಹಾಡುವವನಿಗೆ, ಬರೆಯುವವನಿಗೆ ತಲಾಂತಿದೆ, ಅಂದರೆ ಪ್ರತಿಭೆಯಿದೆ, ಎನ್ನುತ್ತೇವೆ. ಮತ್ತಾಯ 25ನೆಯ ಅಧ್ಯಾಯದ ತಲಾಂತಾದರೋ ಹಣದ ತೂಕ. ಅದು ದಿನಾರಿ ಎಂಬ ಬೆಳ್ಳಿ ನಾಣ್ಯಗಳಲ್ಲಿ ಸುಮಾರು 6,000, ಅಂದರೆ ಕೂಲಿಯಾಳಿನ ಹೆಚ್ಚುಕಡಿಮೆ ಇಪ್ಪತ್ತು ವರ್ಷದ ದುಡಿಮೆ. ಯೇಸು ಹೇಳಿದ ಆ ಸಾಮ್ಯದಲ್ಲಿ ಪರದೇಶಕ್ಕೆ ಹೊರಟ ಯಜಮಾನನು ತನ್ನ ಆಳುಗಳಿಗೆ ಐದನ್ನೋ ಎರಡನ್ನೋ ಒಂದನ್ನೋ ಒಪ್ಪಿಸಿದ್ದು ಆಯಾ ಆಳಿನ ಸಾಮರ್ಥ್ಯಕ್ಕೆ ತಕ್ಕಂತೆ ಎಂದು ಅಲ್ಲಿಯೇ ಹೇಳಿದೆ. ಹಾಗಾದರೆ ಸಾಮರ್ಥ್ಯ ಬೇರೆ, ಕೈಗೆ ಬಂದ ತಲಾಂತು ಬೇರೆ. ನಿನ್ನ ಬರವಣಿಗೆಯ ಕೈ ನಿನ್ನ ಸಾಮರ್ಥ್ಯ. ಅದನ್ನು ನೋಡಿ ಯಜಮಾನನು ನಿನಗೆ ಏನನ್ನು ಒಪ್ಪಿಸಿದ್ದಾನೆ ಎಂಬುದು ಬೇರೆಯೇ ಪ್ರಶ್ನೆ, ಮತ್ತು ನಿನ್ನ ಲೇಖನ ಅದನ್ನು ಕೇಳಿಯೇ ಇಲ್ಲ.

ಇನ್ನು, ಹುಟ್ಟಿನಿಂದ ಬಂದದ್ದನ್ನು ಕೀಳಾಗಿ ಕಾಣಬೇಡ. ಇಸ್ರಾಯೇಲ್ಯರ ಆರಾಧನೆಗಾಗಿ ದೇವದರ್ಶನದ ಗುಡಾರವನ್ನು ಕಟ್ಟಿದ ಬೆಚಲೇಲನ ವಿಷಯದಲ್ಲಿ ವಿಮೋಚನಕಾಂಡ 31ನೆಯ ಅಧ್ಯಾಯವು, ದೇವರು ಅವನನ್ನು ತನ್ನ ಆತ್ಮನಿಂದ ತುಂಬಿಸಿದನು ಎನ್ನುತ್ತದೆ. ಬಂಗಾರ, ಬೆಳ್ಳಿ, ತಾಮ್ರಗಳನ್ನು ಕೆಲಸಮಾಡುವ, ರತ್ನ ಕೆತ್ತುವ, ಮರ ಕೊರೆಯುವ ಕೈಗಳ ಬಗ್ಗೆ ಆಡಿದ ಮಾತು ಅದು. ಕಸುಬು ಇತ್ತ, ಆತ್ಮ ಅತ್ತ ಎಂದು ಅಲ್ಲಿ ಗೆರೆ ಎಳೆದಿಲ್ಲ. ಪೌಲನು ಬಳಸುವ ಖಾರಿಸ್ಮಾ ಎಂಬ ಗ್ರೀಕ್ ಮಾತು ಕೃಪೆ ಎಂಬರ್ಥದ ಖಾರಿಸ್‌ನಿಂದ ಹುಟ್ಟಿದ್ದು. ನಮ್ಮ ‘ಕೃಪಾವರ’ ಅದನ್ನು ಚೆನ್ನಾಗಿಯೇ ಹಿಡಿದಿಟ್ಟಿದೆ. ಎರಡೂ ಕೊಟ್ಟವನೊಬ್ಬನೇ. ಕೃಪಾವರದ ಗುರುತು ಅದು ಯಾರಿಗಾಗಿ ಬಂತು ಎಂಬುದರಲ್ಲಿದೆ: ಸರ್ವರ ಪ್ರಯೋಜನಕ್ಕೆ, ಸಭೆಯ ಭಕ್ತಿವೃದ್ಧಿಗೆ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಗ ಹೆಸರುವಾಸಿ ಪ್ರಸಂಗಿಯೊಬ್ಬರು ಬಂದು ಬಹಳ ಹೊತ್ತು ಪ್ರಾರ್ಥಿಸಿದರು. ಒಂದೊಂದು ಮಾತೂ ಪೋಣಿಸಿಟ್ಟಂತಿತ್ತು. ಮುಗಿಯುವ ಹೊತ್ತಿಗೆ ಅವಳು ಬಳಲಿ ಗೋಡೆಯ ಕಡೆಗೆ ಮುಖ ತಿರುಗಿಸಿದ್ದಳು. ನಮ್ಮ ಸಭೆಯಲ್ಲಿ ಒಬ್ಬ ಅಕ್ಕ ಇದ್ದರು; ನಾಲ್ಕು ಜನರ ಮುಂದೆ ಬಾಯಿ ತೆರೆದವರಲ್ಲ. ಅವರು ದಿನವೂ ಬಂದು, ಲೋಟದ ಹಳೆಯ ನೀರು ಚೆಲ್ಲಿ ಹೊಸದು ತುಂಬಿ, ಹೊದಿಕೆಯ ಅಂಚನ್ನು ಪಾದದ ಕೆಳಗೆ ಸೇರಿಸಿ, ಸುಮ್ಮನೆ ಕುಳಿತಿರುತ್ತಿದ್ದರು. ಅವರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ ಕಣ್ಣು ತೆರೆಯುತ್ತಿದ್ದಳು. ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಎಂದು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿದೆ. ಆ ಮಾತಿನ ಅರ್ಥ ನನಗೆ ಆಗಲೇ ಆದದ್ದು. ನನಗೆ ಯಾವ ವರವೂ ಇಲ್ಲ ಎಂದು ಆ ಅಕ್ಕ ಕೊನೆಯವರೆಗೂ ನಂಬಿದ್ದರು. ಹತ್ತು ವರಗಳ ಪಟ್ಟಿಯಿರುವ ನಿನ್ನ ಲೇಖನವನ್ನು ಅಂಥವರು ಓದಿದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ನನಗೆ ನೋವಾದದ್ದು ಅಲ್ಲಿಯೇ.

ಪಟ್ಟಿಗಳನ್ನಂತೂ ಅಷ್ಟಾಗಿ ನೆಚ್ಚಬೇಡ. ರೋಮಾಪುರದವರಿಗೆ ಹೇಳಿದ ಏಳು ವರಗಳು ಬೇರೆ, ಕೊರಿಂಥದವರಿಗೆ ಹೇಳಿದ ಒಂಬತ್ತು ಬೇರೆ.

ಪಟ್ಟಿಯ ಬದಲು ಅಪೊಲ್ಲೋಸನನ್ನು ಬರೆ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯವನ್ನು ನಿಧಾನವಾಗಿ ಓದು. ಅಲೆಕ್ಸಾಂದ್ರಿಯದವನು, ವಾಕ್ಚಾತುರ್ಯವುಳ್ಳವನು, ಶಾಸ್ತ್ರದಲ್ಲಿ ಪ್ರವೀಣನು. ಆದರೂ ಯೇಸುವಿಗೆ ದಾರಿ ಸಿದ್ಧಮಾಡಿದ ಯೋಹಾನನ ದೀಕ್ಷಾಸ್ನಾನದ ಆಚೆಗೆ ತಿಳಿದವನಲ್ಲ. ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ಗುಡಾರ ಮಾಡುವ ದಂಪತಿಗಳು ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದರು. ಅಂಥ ಮಾತುಗಾರ ಬಾಯಿ ಮುಚ್ಚಿ ಕೇಳಿಸಿಕೊಂಡನು. ಆಮೇಲೆಯೇ ಅವನು ಕೊರಿಂಥವಿದ್ದ ಅಕಾಯ ಪ್ರಾಂತ್ಯದ ವಿಶ್ವಾಸಿಗಳಿಗೆ ಬಹಳ ಸಹಾಯವಾದನೆಂದು ಓದುತ್ತೇವೆ. ಮಾತಿನ ಶಕ್ತಿ ಮೊದಲೂ ಇತ್ತು. ಅದು ವರವಾಗಿ ಫಲಕೊಟ್ಟದ್ದು ಆ ಮನೆಯಿಂದ ಹೊರಟ ಮೇಲೆ ಎಂದು ನಾನು ಎಣಿಸುತ್ತೇನೆ. ಅದೇ ಅಪೊಲ್ಲೋಸನ ಹೆಸರು ಹಿಡಿದು ಕೊರಿಂಥದಲ್ಲಿ ಜನರು ಪಂಗಡ ಕಟ್ಟಿದ್ದನ್ನೂ ಬಿಡದೆ ಬರೆ. ಯಾವ ವರದಲ್ಲಿಯೂ ಕೊರತೆಯಿಲ್ಲವೆಂದು ಪೌಲನಿಂದ ಹೇಳಿಸಿಕೊಂಡ ಸಭೆಯೇ ಅದು.

ಮೂರನೆಯ ಪುಟವನ್ನು ಹೊಸದಾಗಿ ಬರೆದ ಮೇಲೆ ನನಗೆ ಕಳುಹಿಸುವ ಅವಸರ ಬೇಡ. ಮೊದಲು ನಿಮ್ಮ ಸಭೆಯಲ್ಲಿ ಬರವಣಿಗೆಯ ಗೊಡವೆಯೇ ಇಲ್ಲದ ಹಿರಿಯರೊಬ್ಬರ ಮುಂದೆ ಕುಳಿತು ಗಟ್ಟಿಯಾಗಿ ಓದು. ಅವರು ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೋ ಅಲ್ಲಿ ಅಂಚಿನಲ್ಲಿ ಗುರುತು ಹಾಕಿಕೊಂಡು, ಆ ಪ್ರತಿಯನ್ನೇ ನನಗೆ ಕಳುಹಿಸು.

ಕರ್ತನಲ್ಲಿ ನಿನ್ನ ಅಣ್ಣ