ಎಲ್ಲರೂ ಹೊಗಳುವ ಆಲ್ಬಮ್, ನನಗೆ ಅರ್ಧವೇ ಹಿಡಿಸಿತು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ನ್ಯೂಟ್ರಲ್ ಮಿಲ್ಕ್ ಹೋಟೆಲ್ ಬ್ಯಾಂಡಿನ 'ಇನ್ ದಿ ಏರೋಪ್ಲೇನ್ ಓವರ್ ದಿ ಸೀ' ಆಲ್ಬಮ್ ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಇಂಡೀ ರಾಕ್‌ಗೆ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ರಾಕ್ ಸಂಗೀತಕ್ಕೆ, ಇಷ್ಟು ಜಾಗ ಕೊಟ್ಟಿದ್ದು ನಿಜಕ್ಕೂ ಖುಷಿ. ಆದರೆ ಇದು ಹಿಡಿಸದವರಿಗೆ ಕಿವಿಯೇ ಇಲ್ಲ ಅನ್ನೋ ಧಾಟಿ ಇತ್ತಲ್ಲ, ಅದಕ್ಕೇ ಈ ಪತ್ರ.

ನಾನು ಈ ಆಲ್ಬಮ್ಮನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೇನೆ, ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಮೆಟ್ರೋದಲ್ಲಿ ಬರುವಾಗಲೂ ಕೇಳಿದ್ದೇನೆ. ಕೆಟ್ಟ ಆಲ್ಬಮ್ ಅಲ್ಲವೇ ಅಲ್ಲ. ಶೀರ್ಷಿಕೆ ಗೀತೆಯಲ್ಲಿ ಅಕೌಸ್ಟಿಕ್ ಗಿಟಾರ್ ಹಿಂದೆ ಗರಗಸವನ್ನು ಕಮಾನಿನಿಂದ ನುಡಿಸುತ್ತಾರೆ. ಆ ಸದ್ದು ಮನುಷ್ಯರ ದನಿಯ ಹಾಗೇ ಅಲೆಅಲೆಯಾಗಿ ನಡುಗುತ್ತದೆ, ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತದೆ. ಐದನೆಯದು ಹಾಡೇ ಅಲ್ಲ, ವಾದ್ಯಗಳದ್ದು. ಅದರಲ್ಲಿ ಕೊಂಬು ಕಹಳೆಗಳ ಗುಂಪು ಭಾರವಾಗಿ ಹೆಜ್ಜೆ ಹಾಕುತ್ತದೆ. ಅದೂ ಚೆನ್ನಾಗಿದೆ.

ನನ್ನ ತಕರಾರು ದನಿಯದು. ಬ್ಯಾಂಡಿನ ಗಾಯಕ ಜೆಫ್ ಮ್ಯಾಂಗಮ್ ಎರಡನೇ ಹಾಡಿನಲ್ಲೇ ಗಂಟಲು ಹರಿಯುವಷ್ಟು ಜೋರಾಗಿ ಹಾಡುತ್ತಾರೆ, ಒಂದೆರಡು ಕಡೆ ತಗ್ಗಿದರೂ ಆಮೇಲೆ ಮತ್ತೆ ಅಲ್ಲಿಗೇ ಏರುತ್ತಾರೆ. ಎಂಟು ನಿಮಿಷಕ್ಕೂ ಜಾಸ್ತಿ ಇರುವ 'ಓ ಕಮ್ಲಿ'ಯನ್ನು ಅವರು ಒಂದೇ ಟೇಕ್‌ನಲ್ಲಿ, ಅಂದರೆ ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ, ಹಾಡಿದರಂತೆ. ಅದು ದೊಡ್ಡ ಮಾತೇ, ಒಪ್ಪುತ್ತೇನೆ. ಆದರೆ ಕೇಳುವವರಿಗೂ ಉಸಿರಾಡೋಕೆ ಬಿಡುವು ಬೇಕು ಅಲ್ವಾ? ಆನ್ ಫ್ರಾಂಕ್‌ಳ ಡೈರಿ ಓದಿ ಕಲಕಿಹೋಗಿ ಬರೆದ ಹಾಡುಗಳಿವು. ಅಷ್ಟು ದೊಡ್ಡ ನೋವಿನ ಮಾತು 'ಹಾಲಂಡ್, 1945'ರಲ್ಲಿ ಡಿಸ್ಟಾರ್ಷನ್‌ನ (ಬೇಕೆಂದೇ ಒಡಕಾಗಿಸಿದ ಸದ್ದಿನ) ಅಬ್ಬರದೊಳಗೆ ಸಿಕ್ಕಿಹಾಕಿಕೊಂಡು, ಪದ ಕಿವಿಗೆ ಸರಿಯಾಗಿ ಬೀಳುವ ಮೊದಲೇ ಹಾಡು ಮುಗಿದುಹೋಗುತ್ತದೆ. ನನಗೆ ಅದು ನಾಟಲಿಲ್ಲ.

ಇನ್ನೊಂದು ವಿಷಯ. 1998ರಲ್ಲಿ ಆಲ್ಬಮ್ ಬಂದಾಗ ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಕೊಟ್ಟ ಅಂಕ ಹತ್ತಕ್ಕೆ 8.7. 2005ರಲ್ಲಿ ಮರುಬಿಡುಗಡೆ ಆದಾಗ ಅದೇ ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಕೊಟ್ಟಿತು. ವಿಮರ್ಶೆ ಬರೆದವರು ಬೇರೆ, ನಿಜ. ಹಾಡುಗಳು ಮಾತ್ರ ಅವೇ. ನಡುವೆ ಆಗಿದ್ದೇನು ಅಂದರೆ, ಮ್ಯಾಂಗಮ್ ಆ ಆಲ್ಬಮ್ಮಿನ ಸಂಗೀತ ಪ್ರವಾಸ ಮುಗಿಸಿ ವರ್ಷಗಟ್ಟಲೆ ಹೆಚ್ಚುಕಮ್ಮಿ ವೇದಿಕೆಯನ್ನೇ ಹತ್ತಲಿಲ್ಲ, ಆ ಮೌನದ ಸುತ್ತ ಕತೆ ಬೆಳೆಯಿತು, ಆಲ್ಬಮ್ಮಿನ ಹೆಸರೂ ಅದರ ಜೊತೆಗೇ ಬೆಳೆಯಿತು ಅಂತ ನನಗನ್ನಿಸುತ್ತದೆ. ನಿಮ್ಮ ಬರಹದಲ್ಲೂ ಅರ್ಧಕ್ಕಿಂತ ಜಾಸ್ತಿ ಅದೇ ಕತೆ.

ಬೆಂಗಳೂರಲ್ಲಿ ರಾಕ್ ಕೇಳುವವರಿಗೆ ಬರವಿಲ್ಲ. 2007ರಲ್ಲಿ ಬ್ರಿಟಿಷ್ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಿತ್ತಲ್ಲ, ಆವಾಗಿನಿಂದ ಕೇಳುತ್ತಾ ಬಂದವರು ಎಷ್ಟೋ ಜನ ನಿಮ್ಮ ಓದುಗರಲ್ಲೇ ಇದ್ದಾರೆ. ಅವರಿಗೆ ಹಾಡು ಹೇಗಿದೆ, ಯಾವ ವಾದ್ಯ ಎಲ್ಲಿ ಬರುತ್ತದೆ, ಎಲ್ಲಿ ಸೋತಿದೆ ಅಂತ ಬಿಡಿಸಿ ಹೇಳಿ. ಆ ಗರಗಸ ನುಡಿಸಿದವರು ಜೂಲಿಯನ್ ಕೋಸ್ಟರ್. ಇಡೀ ಪುಟದಲ್ಲಿ ಅವರ ಹೆಸರೇ ಇಲ್ಲ, ಮುಂದಿನ ಸಲವಾದರೂ ಹಾಕಿ.

ಇತಿ,
ಒಬ್ಬ ಓದುಗ,
ಬಸವನಗುಡಿ, ಬೆಂಗಳೂರು