ನಡೆದರೂ ಇಳಿಯದ ತೂಕಕ್ಕೆ ಹೆಂಗಸರನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಿಗ್ಗೆ ಆರಕ್ಕೆಲ್ಲ ನಡೆಯಲು ಬರುವ ಹೆಂಗಸರಲ್ಲಿ ನಾನೂ ಒಬ್ಬಳು. ವರ್ಷಗಟ್ಟಲೆ ತಪ್ಪದೆ ನಡೆದರೂ ತೂಕ ಇಳಿಯಲಿಲ್ಲವೆಂದು ನಮ್ಮಲ್ಲಿ ಹಲವರು ನೊಂದುಕೊಳ್ಳುತ್ತಾರೆ. ‘ನೀನು ಸರಿಯಾಗಿ ನಡೆಯುತ್ತಿಲ್ಲ, ಬರೀ ಮಾತಾಡಿಕೊಂಡು ಬರುತ್ತೀಯ’ ಎಂದು ಮನೆಯವರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ. ಈ ದೂರು ಅನ್ಯಾಯದ್ದೆಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಅರವತ್ತು ಕೆ.ಜಿ. ತೂಕದ ಮಹಿಳೆ ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 150ರಿಂದ 200 ಕ್ಯಾಲೊರಿ. ಒಂದೂವರೆ ದೊಡ್ಡ ಚಮಚ ಎಣ್ಣೆಯಲ್ಲಿ ಅಷ್ಟೂ ಇರುತ್ತದೆ. ಮೈಯ ಒಂದು ಕೆ.ಜಿ. ಕೊಬ್ಬು ಕರಗಲು ಸರಿಸುಮಾರು 7,700 ಕ್ಯಾಲೊರಿ ಬೇಕಾಗುವುದರಿಂದ, ಊಟ ಒಂದು ತುತ್ತೂ ಹೆಚ್ಚದಿದ್ದರೆ ಮಾತ್ರ ಒಂದೂವರೆ ತಿಂಗಳ ನಡಿಗೆಗೆ ಒಂದು ಕೆ.ಜಿ. ಇಳಿದೀತು. ಆದರೆ ನಡೆದು ಬಂದವರಿಗೆ ಹಸಿವೂ ಹೆಚ್ಚಬಹುದು, ಉಳಿದ ಹೊತ್ತಿನಲ್ಲಿ ಓಡಾಟವೂ ತಮಗರಿವಿಲ್ಲದೆ ತಗ್ಗಬಹುದು.

2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮುಟ್ಟು ನಿಂತ, ತೂಕ ಹೆಚ್ಚಿದ್ದ 464 ಮಹಿಳೆಯರನ್ನು ಗುಂಪುಗಳಾಗಿ ವಿಂಗಡಿಸಿ ಆರು ತಿಂಗಳು ಗಮನಿಸಲಾಗಿತ್ತು. ವಾರಕ್ಕೆ ಸರಾಸರಿ 136 ನಿಮಿಷ ವ್ಯಾಯಾಮ ಮಾಡಿದವರು 2.1 ಕೆ.ಜಿ. ಇಳಿದರೆ, 194 ನಿಮಿಷ ಮಾಡಿದವರು ಇಳಿದದ್ದು 1.5 ಕೆ.ಜಿ. ಮಾತ್ರ, ವ್ಯಾಯಾಮವನ್ನೇ ಮಾಡದವರೂ 0.9 ಕೆ.ಜಿ. ಇಳಿದಿದ್ದರು. ಹೆಚ್ಚು ಬೆವರಿಳಿಸಿದಷ್ಟೂ ಹೆಚ್ಚು ತೂಕ ಇಳಿಯುತ್ತದೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಆದರೆ ವ್ಯಾಯಾಮ ಮಾಡಿದ ಎಲ್ಲ ಗುಂಪುಗಳಲ್ಲೂ ಸೊಂಟದ ಸುತ್ತಳತೆ ತಗ್ಗಿತ್ತೆಂಬುದು ನನಗೆ ಅದಕ್ಕಿಂತ ಮುಖ್ಯವಾಗಿ ಕಂಡಿತು. ನಮ್ಮ ಮನೆಗಳ ತಕ್ಕಡಿ ಅದನ್ನು ತೋರಿಸುವುದಿಲ್ಲ.

ಹೆಂಗಸರ ಮೈಯಲ್ಲಿ ಸ್ನಾಯುವಿನ ಪಾಲು ಗಂಡಸರಿಗಿಂತ ಕಡಿಮೆ ಇರುವುದರಿಂದ ಸುಮ್ಮನಿದ್ದಾಗ ಖರ್ಚಾಗುವ ಶಕ್ತಿಯೂ ಕಡಿಮೆ. ವಯಸ್ಸಾದಂತೆ ಆ ಸ್ನಾಯು ಇನ್ನೂ ಕರಗುತ್ತದೆ, ಮುಟ್ಟು ನಿಂತ ಮೇಲೆ ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ಥೈರಾಯ್ಡ್ ಕೊರತೆ ಅಥವಾ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರಿನ ತೊಂದರೆ) ಇದ್ದವರ ಕಷ್ಟ ಬೇರೆಯೇ.

ಇನ್ನು ಅಡುಗೆಮನೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳಿಗೆ ಎಷ್ಟೋ ಮನೆಗಳಲ್ಲಿ ಉಳಿಯುವುದು ಅನ್ನ ಮತ್ತು ಸಾರಿನ ತಿಳಿ. ಬೇಳೆ, ಕಾಳು, ಮೊಟ್ಟೆಗಳೆಲ್ಲ ಅಷ್ಟರಲ್ಲಿ ಬೇರೆಯವರ ತಟ್ಟೆ ಸೇರಿರುತ್ತವೆ. ದಂಡವಾಗಬಾರದೆಂದು ಮಕ್ಕಳು ಬಿಟ್ಟ ಅರ್ಧ ದೋಸೆಯನ್ನೂ ಅವಳೇ ತಿನ್ನುತ್ತಾಳೆ. ಸ್ನಾಯು ಉಳಿಸುವ ಪ್ರೋಟೀನ್ ಕಡಿಮೆ, ಪಿಷ್ಟ ಹೆಚ್ಚು ಇರುವ ಈ ಊಟವನ್ನು ಬದಲಿಸದೆ ಅವಳನ್ನು ಉದ್ಯಾನಕ್ಕೆ ಅಟ್ಟಿ ಫಲ ಕೇಳುವುದು ಎಷ್ಟು ಸರಿ?

ನಡಿಗೆ ಬಿಡಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸು ಎಲ್ಲಕ್ಕೂ ಅದು ಬೇಕು. ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಈ ಎರಡನೆಯ ಭಾಗವನ್ನು ನಮ್ಮ ಉದ್ಯಾನದಲ್ಲಿ ಯಾರೂ ಮಾಡುವುದಿಲ್ಲ, ಯಾರೂ ಹೇಳಿಕೊಟ್ಟಿಲ್ಲ.

‘ತಿಂಗಳಿಗೆ ಐದು ಕೆ.ಜಿ. ಇಳಿಸಿ’ ಎಂಬಂಥ ಜಾಹೀರಾತುಗಳ ನಡುವೆ, ನಿಮ್ಮ ಆರೋಗ್ಯ ಪುಟದಲ್ಲಾದರೂ ಈ ವಿಷಯವನ್ನು ವೈದ್ಯರು ಮತ್ತು ಆಹಾರ ತಜ್ಞರಿಂದ ಬರೆಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಮೈಸೂರು