ಲಘು ವಿಮಾನ ಬಿದ್ದಾಗ ‘ತಾಂತ್ರಿಕ ದೋಷ’ ಎಂದಷ್ಟೇ ಬರೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸಣ್ಣ ವಿಮಾನವೊಂದು ಗದ್ದೆಗೋ ತೋಟಕ್ಕೋ ಬಿದ್ದ ಸುದ್ದಿ ಬಂದಾಗಲೆಲ್ಲ ‘ತಾಂತ್ರಿಕ ದೋಷದಿಂದ’ ಎಂಬ ಮಾತು ಮೊದಲ ಸಾಲಿನಲ್ಲೇ ಅಚ್ಚಾಗುತ್ತದೆ. ತನಿಖೆಯ ಅಧಿಕಾರಿ ಸ್ಥಳಕ್ಕೆ ಬರುವ ಮೊದಲೇ ತೀರ್ಪು ಕೊಟ್ಟ ಹಾಗಾಯಿತು. ಅಮೆರಿಕದಲ್ಲಿ ದಶಕಗಳಿಂದ ಇಟ್ಟುಕೊಂಡು ಬಂದಿರುವ ಲೆಕ್ಕ ನೋಡಿದರೆ, ಲಘು ವಿಮಾನಗಳ ಅವಘಡಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಪೈಲಟ್‌ನ ನಿರ್ಧಾರ ಅಥವಾ ಕೈತಪ್ಪು. ಯಂತ್ರ ತಾನಾಗಿ ಮುರಿದು ಬಿದ್ದದ್ದು ಕಡಿಮೆ. ಪೊನ್ನಂಪೇಟೆ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಮೈಕ್ರೋಲೈಟ್ (ಒಬ್ಬಿಬ್ಬರು ಕೂರುವ ಅತಿ ಹಗುರ ವಿಮಾನ) ಹಾರುವುದನ್ನು ಜಿಲ್ಲೆಯ ಜನ ನೋಡಿದ್ದಾರೆ. ಕುಶಾಲನಗರದ ಬಳಿ ಕಿರು ವಿಮಾನ ನಿಲ್ದಾಣದ ಮಾತೂ ಆಗಾಗ ಏಳುತ್ತದೆ. ನಮ್ಮ ನೆಲ, ನಮ್ಮ ಮಂಜು, ನಮ್ಮ ಮಳೆಯಲ್ಲಿ ಇಂಥ ವಿಮಾನ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತಿರಬೇಕು ಎಂಬ ಕಳಕಳಿಯಿಂದ ಈ ಪತ್ರ.

ಎಂಜಿನ್ ಇರುವ ವಿಮಾನದಲ್ಲಿ ಸತ್ತ ಮೊದಲಿಗ ಥಾಮಸ್ ಸೆಲ್ಫ್‌ರಿಜ್. 1908ರ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟ್ ಹಾರಿಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಸೀಳಿ, ಹಿಂದಿನ ಚುಕ್ಕಾಣಿಯ ತಂತಿಗೆ ಬಡಿಯಿತು. ಅದು ನಿಜವಾದ ತಾಂತ್ರಿಕ ದೋಷ. ಆದರೆ 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ಅವರ ಪಿಟ್ಸ್ ವಿಮಾನ ಬಿದ್ದದ್ದು ಕಡಿಮೆ ಎತ್ತರದಲ್ಲಿ ಕಸರತ್ತು ಮಾಡುವಾಗ. ಆಕಾಶದಲ್ಲಿ ತಪ್ಪು ತಿದ್ದಿಕೊಳ್ಳಲು ಬೇಕಾದದ್ದು ಎತ್ತರ. ಅದು ಇಲ್ಲದಿದ್ದರೆ ಎಷ್ಟು ಒಳ್ಳೆಯ ವಿಮಾನವಿದ್ದರೂ ಅಷ್ಟೇ.

‘ಸ್ಟಾಲ್’ ಎಂಬ ಪದವನ್ನು ನಮ್ಮಲ್ಲಿ ‘ಎಂಜಿನ್ ಆಫ್ ಆಯಿತು’ ಎಂದು ಬರೆಯುತ್ತಾರೆ. ಜೀಪಿಗೆ ಆ ಅರ್ಥ ಸರಿ, ವಿಮಾನಕ್ಕೆ ಅಲ್ಲ. ರೆಕ್ಕೆಯು ಎದುರು ಗಾಳಿಗೆ ಸುಮಾರು 15ರಿಂದ 18 ಡಿಗ್ರಿಗಿಂತ ಹೆಚ್ಚು ಕೋನದಲ್ಲಿ ಮೂತಿ ಎತ್ತಿದರೆ ಮೇಲ್ಮೈಗೆ ಅಂಟಿ ಹರಿಯುವ ಗಾಳಿ ಬೇರ್ಪಟ್ಟು, ಎತ್ತುವ ಬಲ ಕುಸಿಯುತ್ತದೆ. ಎಂಜಿನ್ ಪೂರ್ತಿ ಓಡುತ್ತಿದ್ದರೂ ಇದು ಆಗುತ್ತದೆ. ನೇರ ಹಾರಾಟದಲ್ಲಿ 48 ನಾಟ್ (ಗಂಟೆಗೆ ಸುಮಾರು 89 ಕಿ.ಮೀ.) ವೇಗಕ್ಕೆ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿಸಿದರೆ 57 ನಾಟ್‌ಗೇ ಸ್ಟಾಲ್ ಆಗುತ್ತದೆ, 60 ಡಿಗ್ರಿಗೆ 68. ಇಳಿಯಲು ಬರುವಾಗ ರನ್‌ವೇಯ ನೇರ ದಾಟಿಹೋಯಿತೆಂದು ಗಾಬರಿಯಿಂದ ಕಡಿದಾಗಿ ವಾಲಿಸಿ, ಮೂತಿ ಎಳೆದು, ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿದರೆ ಒಂದು ರೆಕ್ಕೆ ಮೊದಲು ಸೋತು ವಿಮಾನ ಬುಗುರಿಯಂತೆ ಸುತ್ತುತ್ತದೆ. 500 ಅಡಿಯಲ್ಲಿ ಅದರಿಂದ ಹೊರಬರಲು ಜಾಗವಿಲ್ಲ. ನೇರ ತಪ್ಪಿದರೆ ಥ್ರಾಟಲ್ (ಎಂಜಿನ್‌ನ ಬಲ ಏರಿಳಿಸುವ ಹಿಡಿ) ಕೊಟ್ಟು ಮೇಲೇರಿ, ಮತ್ತೊಂದು ಸುತ್ತು ಬರಬೇಕು.

2004ರ ಏಪ್ರಿಲ್ 17 ಕನ್ನಡಿಗರಿಗೆ ಮರೆಯದ ದಿನ. ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸೆಸ್ನಾ 180 ವಿಮಾನ ಕ್ಷಣಗಳಲ್ಲೇ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ಹೋದರು. ಏರುವ ಆ ಮೊದಲ ನಿಮಿಷದಷ್ಟು ಬಿಗಿಯಾದ ಹೊತ್ತು ಹಾರಾಟದಲ್ಲಿ ಇನ್ನೊಂದಿಲ್ಲ: ಎತ್ತರ ಇಲ್ಲ, ವೇಗ ಇಲ್ಲ, ಮೂತಿ ಮೇಲಿದೆ. ಆಗ ಎಂಜಿನ್ ನಿಂತರೆ ಹಿಂದೆ ಬಿಟ್ಟ ರನ್‌ವೇಗೆ ಮರಳುವ ಆಸೆ ಎಲ್ಲರಿಗೂ ಹುಟ್ಟುತ್ತದೆ. 180 ಡಿಗ್ರಿ ತಿರುಗಿದರೆ ಸಾಲದು, ರನ್‌ವೇಯ ನೇರಕ್ಕೆ ಬರಲು ಮತ್ತೆ ತಿರುಗಬೇಕು. ಅಷ್ಟರಲ್ಲಿ ಎತ್ತರ ಮುಗಿದಿರುತ್ತದೆ, ಇಲ್ಲವೇ ಸ್ಟಾಲ್ ಆಗಿರುತ್ತದೆ. ಮೊದಲು ಮೂತಿ ಇಳಿಸಿ ವೇಗ ಉಳಿಸಿಕೊಂಡು, ಎಡಬಲ 30 ಡಿಗ್ರಿಯೊಳಗೆ ಸಿಕ್ಕ ಜಾಗದಲ್ಲಿ ಇಳಿಸುವುದೇ ಕಲಿಸಿದ ಪಾಠ.

ಇನ್ನು ಕೊಡಗಿನ ವಿಷಯ. ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ನಲ್ಲಿ ಕಟ್ಟುವ ಮಂಜುಗಡ್ಡೆ. ‘ನಮ್ಮಲ್ಲಿ ಹಿಮವೇ ಇಲ್ಲ, ಮಂಜುಗಡ್ಡೆ ಎಲ್ಲಿಂದ?’ ಎಂದು ಕೇಳುವವರಿದ್ದಾರೆ. ಪೆಟ್ರೋಲ್ ಆವಿಯಾಗುವಾಗ, ಕಾರ್ಬ್ಯುರೇಟರ್‌ನ ಕಿರಿದಾದ ಗಂಟಲಲ್ಲಿ ಗಾಳಿ ಹಿಗ್ಗುವಾಗ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 18 ಡಿಗ್ರಿ ಇದ್ದು ಗಾಳಿ ಒದ್ದೆಯಾಗಿದ್ದರೆ ಸಾಕು, ಅಂದರೆ ಮಳೆ ಬಿಟ್ಟ ಸೆಪ್ಟೆಂಬರ್ ಬೆಳಗಿನ ಯಾವುದೇ ಮಡಿಕೇರಿ ಹವೆ. ಮೊದಲು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೆಲ್ಲಗೆ ಇಳಿಯುತ್ತದೆ. ಪೈಲಟ್ ಗಮನಿಸದೆ ಥ್ರಾಟಲ್ ಸ್ವಲ್ಪ ಮುಂದೆ ತಳ್ಳುತ್ತಾನೆ, ಮತ್ತೆ ಇಳಿಯುತ್ತದೆ, ಆಮೇಲೆ ಎಂಜಿನ್ ನಡುಗುತ್ತದೆ. ಆಗ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಗುಂಡಿ ಪೂರ್ತಿ ಎಳೆಯಬೇಕು. ಎಳೆದ ತಕ್ಷಣ ಕರಗಿದ ನೀರನ್ನು ನುಂಗಿ ಎಂಜಿನ್ ಇನ್ನಷ್ಟು ಕೆಮ್ಮುತ್ತದೆ. ಇಲ್ಲೇ ಹೆದರಿ ಗುಂಡಿ ಒಳಗೆ ತಳ್ಳಿದವರು ಕೆಟ್ಟರು. ಸದ್ದು ಸರಿಯಾಗುವ ತನಕ ಹಾಗೇ ಬಿಡಬೇಕು. ಇಳಿಯಲು ಥ್ರಾಟಲ್ ಕಡಿಮೆ ಮಾಡುವ ಮುನ್ನವೇ ಎಳೆದಿಡುವುದು ವಾಡಿಕೆ. ವಿಮಾನ ಬಿದ್ದ ಅರ್ಧ ಗಂಟೆಯಲ್ಲಿ ಆ ಮಂಜುಗಡ್ಡೆ ಕರಗಿ ಸಾಕ್ಷಿಯೇ ಇರುವುದಿಲ್ಲ. ಬಿಚ್ಚಿ ನೋಡಿದರೆ ಎಂಜಿನ್ ನೆಟ್ಟಗಿರುತ್ತದೆ. ಆ ದಿನದ ಉಷ್ಣತೆ, ತೇವಾಂಶ ಬರೆದಿಟ್ಟಿದ್ದರೆ ಮಾತ್ರ ಕಾರಣ ಊಹಿಸಬಹುದು.

ಇದರ ಸೋದರ ಪೆಟ್ರೋಲಿನಲ್ಲಿ ಸೇರುವ ನೀರು. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಗೆ ರಾತ್ರಿ ತಂಪಿನಲ್ಲಿ ಹನಿ ಕಟ್ಟಿ, ಬೆಳಗ್ಗೆ ತಳಕ್ಕೆ ಇಳಿದಿರುತ್ತದೆ. ಪ್ರತಿ ಟ್ಯಾಂಕಿನ ತಳದಿಂದ, ಎಂಜಿನ್ ಬಳಿಯ ಸೋಸುಬಟ್ಟಲಿನಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಬಸಿದು ನೋಡಬೇಕು. ದಿನದ ಮೊದಲ ಹಾರಾಟಕ್ಕೆ ಮುಂಚೆ ಒಮ್ಮೆ, ಪ್ರತಿ ಸಲ ತುಂಬಿಸಿದ ಮೇಲೆ ಮತ್ತೊಮ್ಮೆ. ವಿಮಾನದ 100ಎಲ್‌ಎಲ್ ಪೆಟ್ರೋಲ್ ತಿಳಿನೀಲಿ. ನೀರಿದ್ದರೆ ತಳದಲ್ಲಿ ಗೆರೆ ಕಾಣುತ್ತದೆ. ಆದರೆ ಲೋಟದ ತುಂಬ ನೀರೇ ಬಂದಿದ್ದರೆ ಗೆರೆಯೇ ಇರುವುದಿಲ್ಲ, ಸ್ವಚ್ಛವಾಗಿದೆ ಎಂದುಕೊಂಡು ಹಾರಿಬಿಡುತ್ತಾರೆ. ಆದ್ದರಿಂದ ಲೋಟವನ್ನು ಬಿಳಿ ಹಿನ್ನೆಲೆಗೆ ಹಿಡಿದು ಬಣ್ಣ ನೋಡಬೇಕು, ಮೂಸಬೇಕು. ಮೈಕ್ರೋಲೈಟ್‌ಗಳು ಬಂಕಿನ ಪೆಟ್ರೋಲ್ ಬಳಸುವುದರಿಂದ ಇನ್ನೊಂದು ತೊಡಕು. ಈಗ ಬರುತ್ತಿರುವುದು 20 ಶೇಕಡ ಎಥನಾಲ್ ಬೆರೆಸಿದ್ದು. ಇಂಥ ವಿಮಾನಗಳಲ್ಲಿ ಹೆಚ್ಚಾಗಿ ಇರುವ ರೋಟಾಕ್ಸ್ 912 ಎಂಜಿನ್‌ಗೆ ತಯಾರಕರು ಒಪ್ಪಿರುವ ಮಿತಿ 10 ಶೇಕಡ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಜಿಲ್ಲೆಯಲ್ಲಿ ಹಾರಾಟಕ್ಕೆ ಅನುಮತಿ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಪೆಟ್ರೋಲ್, ಎಲ್ಲಿಂದ, ಎಷ್ಟು ದಿನದ್ದು ಎಂಬುದು.

ಎತ್ತರ ಮತ್ತು ಬಿಸಿಲಿನ ಲೆಕ್ಕಕ್ಕೆ ಬರೋಣ. ಪೊನ್ನಂಪೇಟೆ ಸಮುದ್ರ ಮಟ್ಟದಿಂದ ಸುಮಾರು 2,800 ಅಡಿ. ಆ ಎತ್ತರದಲ್ಲಿ ಪುಸ್ತಕದ ಲೆಕ್ಕದ (ವಿಮಾನಯಾನದಲ್ಲಿ ಮಾನಕವೆಂದು ಹಿಡಿಯುವ) ಉಷ್ಣತೆ 9.4 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 30 ಡಿಗ್ರಿ ಇದ್ದರೆ ಪ್ರತಿ ಹೆಚ್ಚುವರಿ ಡಿಗ್ರಿಗೆ 120 ಅಡಿ ಸೇರಿಸಬೇಕು. ಹೀಗೆ ಕೂಡಿದರೆ ರೆಕ್ಕೆ ಮತ್ತು ಎಂಜಿನ್ ಪಾಲಿಗೆ ಅಲ್ಲಿನ ಗಾಳಿ ಸುಮಾರು 5,300 ಅಡಿ ಎತ್ತರದ ತೆಳುಗಾಳಿ. ತಡಿಯಂಡಮೋಳ್ ಶಿಖರವೇ 5,735 ಅಡಿ. ಗದ್ದೆ ಪಕ್ಕದ ರನ್‌ವೇ ಪಟ್ಟಿಯಿಂದ ಏರುವ ವಿಮಾನ ಹೆಚ್ಚುಕಡಿಮೆ ಆ ಬೆಟ್ಟದ ನೆತ್ತಿಯಿಂದ ಏರಲು ಹೆಣಗುತ್ತಿರುತ್ತದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಕೊಡುವ ಸರಳ ಗುಣಕಗಳಿವೆ: ಪ್ರತಿ 1,000 ಅಡಿ ಎತ್ತರಕ್ಕೆ, ಮೇಲೇರಲು ಬೇಕಾದ ದೂರ 10 ಶೇಕಡ ಹೆಚ್ಚು, 10 ಡಿಗ್ರಿ ಬಿಸಿಗೆ 10 ಶೇಕಡ, ಒದ್ದೆ ಹುಲ್ಲಿಗೆ 30, ತೂಕ 10 ಶೇಕಡ ಏರಿದರೆ ದೂರ 20. ಇವನ್ನು ಕೂಡುವುದಲ್ಲ, ಗುಣಿಸುವುದು. ಕೊನೆಗೆ ಸುರಕ್ಷತೆಗೆಂದು 1.33ರಿಂದ ಗುಣಿಸಬೇಕು. ಸಮುದ್ರ ಮಟ್ಟದಲ್ಲಿ, 15 ಡಿಗ್ರಿಯಲ್ಲಿ, 500 ಮೀಟರ್ ಸಾಕಾಗುವ ವಿಮಾನಕ್ಕೆ ಕಾಫಿಯ ಹೂಮಳೆ ಬಿದ್ದ ಮರುದಿನ ಮಧ್ಯಾಹ್ನ ಇಲ್ಲಿನ ಹುಲ್ಲು ಪಟ್ಟಿಯಲ್ಲಿ ಸುಮಾರು 1,300 ಮೀಟರ್ ಬೇಕು, ಟಾರು ಹಾಕಿದ್ದರೂ 1,000. ಏರ್‌ಸ್ಟ್ರಿಪ್ ಎಷ್ಟು ಉದ್ದ ಸಾಕು ಎಂದು ಚರ್ಚಿಸುವವರು ಈ ಗುಣಾಕಾರವನ್ನು ಮುಂದಿಟ್ಟುಕೊಂಡು ಮಾತಾಡಲಿ. ಪಟ್ಟಿಯ ತುದಿಯ ಸಿಲ್ವರ್ ಓಕ್ ಮರಗಳ ಎತ್ತರವನ್ನೂ ಅದಕ್ಕೆ ಸೇರಿಸಲಿ.

ಮಂಜಿನ ವಿಷಯದಲ್ಲಿ ರಾಜಿ ಇಲ್ಲ. ಇಲಿನಾಯ್ ವಿಶ್ವವಿದ್ಯಾಲಯ 1954ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಗೆ ಹೊರಗಿನದೇನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಮಂದಿ ಹತೋಟಿ ತಪ್ಪಿದರು, ಸರಾಸರಿ 178 ಸೆಕೆಂಡುಗಳಲ್ಲಿ. ಅಂದರೆ ಮೂರು ನಿಮಿಷವೂ ಇಲ್ಲ. ದಿಗಂತ ಕಾಣದಿದ್ದರೆ ಒಳಗಿವಿ ಮೋಸ ಮಾಡುತ್ತದೆ. ವಿಮಾನ ನಿಧಾನವಾಗಿ ವಾಲಿ ಸುತ್ತುತ್ತಿದ್ದರೂ ಕೂತವನಿಗೆ ನೆಟ್ಟಗಿದೆ ಅನ್ನಿಸುತ್ತದೆ. ವೇಗ ಏರಿದ್ದು ಕಂಡು ಹತೋಟಿಯ ಕೋಲು ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಅವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಅವರ ಪೈಪರ್ ವಿಮಾನ ಸಮುದ್ರದ ಮೇಲಿನ ಮಬ್ಬಿನಲ್ಲಿ ಹೀಗೇ ಹೋಯಿತು. ತನಿಖೆಯಲ್ಲಿ ಯಂತ್ರದ ದೋಷ ಸಿಗಲಿಲ್ಲ. ಕೊಡಗಿನ ಮಂಜು ಕಣಿವೆಯಿಂದ ಎದ್ದು ಹದಿನೈದು ನಿಮಿಷದಲ್ಲಿ ಬಾಣೆ, ತೋಟ, ಕರೆಂಟ್ ತಂತಿ ಎಲ್ಲವನ್ನೂ ನುಂಗುವುದನ್ನು ಇಲ್ಲಿನ ಮಕ್ಕಳೂ ಬಲ್ಲರು. ‘ಇನ್ನೊಂದು ಗುಡ್ಡ ದಾಟಿದರೆ ಬಂತು’ ಎಂಬ ಲೆಕ್ಕ ಇಲ್ಲಿ ನಡೆಯದು. ಮುಂದೆ ಮಂಜು ಕಂಡ ಗಳಿಗೆಯಲ್ಲೇ ತಿರುಗಬೇಕು, ಮೈಸೂರಿನ ಮಂಡಕಳ್ಳಿಗೆ ಹೋಗಿ ಇಳಿಯುವಷ್ಟು ಇಂಧನ, ಅದರ ಮೇಲೆ 30 ನಿಮಿಷದ ಮೀಸಲು ಟ್ಯಾಂಕಿನಲ್ಲಿರಬೇಕು. ಮುಳ್ಳು ತೋರಿಸುವ ಅಳತೆ ನಂಬದೆ ಕಡ್ಡಿ ಅದ್ದಿ ನೋಡಿದ ಇಂಧನ.

ಸಣ್ಣದೆನಿಸುವ ಒಂದು ಸಂಗತಿ: ವೇಗ ಅಳೆಯುವ ಪಿಟೋ ಕೊಳವೆ ಬೆರಳಿಗಿಂತ ಸಪೂರ. ಮುಚ್ಚಳ ಹಾಕದೆ ಬಿಟ್ಟರೆ ಮಣ್ಣುಗೂಡು ಕಟ್ಟುವ ಕಣಜ ಅದರೊಳಗೆ ಸೇರುತ್ತದೆ. ಓಟದ ನಡುವೆ ವೇಗದ ಮುಳ್ಳು ಏಳದಿದ್ದರೆ ಅಲ್ಲೇ ಥ್ರಾಟಲ್ ಎಳೆದು ನಿಲ್ಲಿಸಬೇಕು.

ಎಂಜಿನ್ ನಿಂತು ಗದ್ದೆಗೆ ಇಳಿಸಲೇಬೇಕಾದರೆ ಹುತ್ತರಿ ಕಳೆದು ಕೊಯ್ಲಾದ ಒಣಗದ್ದೆಗೂ ನಾಟಿ ಗದ್ದೆಗೂ ಅಜಗಜಾಂತರ. ನೀರು ನಿಂತ ಕೆಸರಲ್ಲಿ ಮುಂದಿನ ಚಕ್ರ ಹೂತು ವಿಮಾನ ಮಗುಚುತ್ತದೆ. ಒಣಗದ್ದೆಯಲ್ಲೂ ಬದುವಿಗೆ ಅಡ್ಡವಾಗಿ ಅಲ್ಲ, ಬದುವಿನ ಉದ್ದಕ್ಕೆ ಇಳಿಸಬೇಕು. ಬೇರೆ ದಾರಿ ಇಲ್ಲದೆ ತೋಟದ ಮೇಲೆ ಇಳಿಯುವುದಾದರೆ ಸ್ಟಾಲ್ ಆಗದ ಕನಿಷ್ಠ ವೇಗದಲ್ಲಿ, ಗಾಳಿಗೆ ಎದುರಾಗಿ. ವೇಗ ಅರ್ಧವಾದರೆ ಪೆಟ್ಟಿನ ಬಲ ಕಾಲುಭಾಗಕ್ಕೆ ಇಳಿಯುತ್ತದೆ.

ಬಿದ್ದ ಜಾಗಕ್ಕೆ ಮೊದಲು ಓಡುವವರು ತೋಟದ ಕಾರ್ಮಿಕರು, ಗದ್ದೆಯವರು. ಅವರಿಗೆ ಒಂದು ಮಾತು ತಲುಪಿಸಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಪೆಟ್ರೋಲ್ ಸೋರುತ್ತಿರುತ್ತದೆ. ಬದುಕಿರುವವರನ್ನು ಹೊರಗೆಳೆಯಿರಿ, ಉಳಿದದ್ದನ್ನು ಮುಟ್ಟಬೇಡಿ; ಸ್ವಿಚ್ಚು, ಗುಂಡಿಗಳು ಯಾವ ಸ್ಥಿತಿಯಲ್ಲಿವೆ ಎಂಬುದೇ ತನಿಖೆಗೆ ಸಾಕ್ಷಿ. ಕೆಲವು ಲಘು ವಿಮಾನ, ಮೈಕ್ರೋಲೈಟ್‌ಗಳಲ್ಲಿ ಇಡೀ ವಿಮಾನವನ್ನು ಹಿಡಿದಿಳಿಸುವ ಪ್ಯಾರಾಚೂಟ್ ಇರುತ್ತದೆ. ಅದನ್ನು ಹೊರಗೆಸೆಯುವುದು ಒಂದು ಪುಟ್ಟ ರಾಕೆಟ್. ಸಿಡಿಯದೆ ಉಳಿದ ಆ ರಾಕೆಟ್, ತಗಡು ಕತ್ತರಿಸುವಾಗ ತಂತಿ ಎಳೆದರೆ ಎದುರಿಗಿದ್ದವರನ್ನು ಕೊಲ್ಲಬಹುದು. ಎಚ್ಚರಿಕೆಯ ತ್ರಿಕೋನ ಚೀಟಿ ಕಂಡರೆ ಆ ಬದಿಯಿಂದ ದೂರ ಸರಿಯಬೇಕು. ನಮ್ಮ ಅಗ್ನಿಶಾಮಕ ಠಾಣೆಗಳಿಗೆ ಇದರ ತರಬೇತಿ ಕೊಡಬೇಕು.

ವರದಿಗಾರರಲ್ಲಿ ಕೋರಿಕೆ ಇಷ್ಟು. ಮುಂದೆ ಇಂಥ ಸುದ್ದಿ ಬರೆಯುವಾಗ ಎಷ್ಟು ಎತ್ತರದಲ್ಲಿ ತೊಂದರೆ ಶುರುವಾಯಿತು, ಹವೆ ಹೇಗಿತ್ತು, ಎಷ್ಟು ಜನ ಮತ್ತು ಎಷ್ಟು ಇಂಧನ ಹೇರಿತ್ತು, ಪೆಟ್ರೋಲ್ ಬಸಿದು ನೋಡಿದ್ದು ಯಾವಾಗ ಎಂದು ಕೇಳಿ ಬರೆಯಿರಿ. 2017ರ ನಿಯಮಗಳಲ್ಲಿ ಕೇಂದ್ರದ ವಿಮಾನ ಅಪಘಾತ ತನಿಖಾ ಬ್ಯೂರೋದ ಕಡ್ಡಾಯ ತನಿಖೆಗೆ ಇಟ್ಟ ಮಿತಿ 2,250 ಕಿಲೋ ಮೀರಿದ ಅಥವಾ ಟರ್ಬೋಜೆಟ್ ಎಂಜಿನ್‌ನ ವಿಮಾನಗಳದ್ದು. ಅದಕ್ಕಿಂತ ಹಗುರವಾದವುಗಳ ಮೇಲೆ ಸಾರ್ವಜನಿಕರ ಕಣ್ಣು ಬೀಳುವುದು ನಿಮ್ಮ ಸುದ್ದಿಯಿಂದಲೇ. ತಿಂಗಳುಗಳ ನಂತರ ತನಿಖಾ ವರದಿ ಬಂದಾಗ, ಬಿದ್ದ ದಿನ ಕೊಟ್ಟಷ್ಟೇ ಜಾಗ ಅದಕ್ಕೂ ಕೊಡಿ.

ಇಂತಿ,
ಲಘು ವಿಮಾನಗಳ ಹಾರಾಟ ಮತ್ತು ನಿರ್ವಹಣೆ ಬಲ್ಲ ಓದುಗರು,
ಪೊನ್ನಂಪೇಟೆ, ಕೊಡಗು